ಚಿಂದಿಯೊಳಗಿನ ಕೋಳಿ

ನನ್ನ ಬಣ್ಣದ ಪೆಟ್ಟಿಗೆಯ ತಳದಲ್ಲಿ ಅಂಗೈಯಗಲದ ಒಂದು ಚಿಂದಿ ಬಟ್ಟೆ ಇದೆ. ಹಿಂದೊಮ್ಮೆ ನಮ್ಮ ಅತ್ತೆಯ ವಾಯಿಲ್ ಸೀರೆಯ ಸೆರಗಾಗಿ ಮೆರೆದದ್ದು, ಆಮೇಲೆ ಕುಂಚ ಒರೆಸುವ ಅರಿವೆಯಾಗಿ, ಈಗ ಕೆಂಪು, ಕಂದು, ಹಳದಿ ಬಣ್ಣಗಳೆಲ್ಲ ಒಂದರೊಳಗೊಂದು ಕಲಸಿ ಒಣಗಿ ಹಪ್ಪಳದಂತೆ ಬಿರುಸಾಗಿ ಕೂತಿದೆ. ಇದರೊಳಗೆ ಒಂದು ಹೇಂಟೆಯೂ ಐದು ಕೋಳಿಮರಿಗಳೂ ಇವೆ ಎಂದು ನಾನು ಬಹುಕಾಲ ನಂಬಿದ್ದೆ. ನೀವು ನಗುತ್ತಿದ್ದೀರಿ, ನಗಿ. ಆದರೆ ಅವು ಈ ಚಿಂದಿಯನ್ನು ಹೊಕ್ಕ ಗಳಿಗೆಗೆ ಸಾಕ್ಷಿಗಳಿದ್ದಾರೆ. ಮೊಳಕಾಲ್ಮೂರಿನ ಆಚೆಯ ಒಂದು ಹಟ್ಟಿಯಲ್ಲಿ, ಬೇವಿನ ಮರದ ಕೆಳಗೆ, ನನ್ನ ಸೋದರಮಾವ ತಿಪ್ಪೇಶ ಇದ್ದರು. ಹೊಸ ಮನೆ ಕಟ್ಟಿಸಿದ ಬೋರಯ್ಯ ಇದ್ದರು. ಬೋರಯ್ಯನವರ ತಾಯಿ ಪಾಲಮ್ಮಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಮಾರನೆಯ ದಿನದ ಗೃಹಪ್ರವೇಶಕ್ಕೆಂದು ಬಂದಿದ್ದ ನೆಂಟರಿಷ್ಟರು ಅರ್ಧ ಅಂಗಳ ತುಂಬಿದ್ದರು. ನಾನು ನೆಲ ಬಾಯಿಬಿಟ್ಟರೆ ಇಳಿದುಬಿಡೋಣವೆಂದು ಕಾಯುತ್ತಿದ್ದೆ.

ನಮ್ಮಜ್ಜಿಯ ಮಗ್ಗುಲಲ್ಲಿ ಮಲಗಿ ಮಾತು ಕಲಿತವಳು ನಾನು. ಕಥೆಯನ್ನು ನೇರ ದಾರಿಯಲ್ಲಿ ನಡೆಸಿಕೊಂಡು ಹೋಗುವುದು ನಮ್ಮ ಮನೆತನಕ್ಕೇ ಬಾರದ ವಿದ್ಯೆ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಬನ್ನಿ.

ನಮ್ಮ ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಕಾಲಿಡುವ ಮುನ್ನ ಯಾರಾದರೂ ವೃತ್ತಿನಿರತ ಕಲಾವಿದರ ಕೈಕೆಳಗೆ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟು ತರಬೇಕೆಂಬ ನಿಯಮ. ಗೆಳತಿಯರು ಮೈಸೂರು, ಹಂಪಿ ಎಂದು ದೊಡ್ಡ ದೊಡ್ಡ ಹೆಸರು ಉದುರಿಸುತ್ತಿದ್ದಾಗ, ನಮ್ಮವ್ವ ಅವರೆಕಾಯಿ ಬಿಡಿಸುತ್ತ, ತಲೆ ಎತ್ತದೆ, ನನ್ನ ಕಲಾಭವಿಷ್ಯವನ್ನು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟಳು. ಚಳ್ಳಕೆರೆಯಲ್ಲಿ ತನ್ನ ತಮ್ಮ ಇರುವಾಗ ಬೇರೆ ಕಲಾವಿದ ಯಾಕೆ ಬೇಕು, ಅಲ್ಲಾದರೆ ಊಟದ ಚಿಂತೆಯೂ ಇಲ್ಲ.

ಮಾವನ ಕಲಾಶಾಲೆ ಹಳೆಯ ಶೇಂಗಾ ಗೋದಾಮು. ಚಳ್ಳಕೆರೆಯಲ್ಲಿ ಎಣ್ಣೆಯ ಘಮ ಇಲ್ಲದ ಗಾಳಿಯೇ ಇಲ್ಲವಷ್ಟೆ. ಅದಕ್ಕೆ ಟರ್ಪೆಂಟೈನಿನ ಘಾಟು ಬೆರೆತರೆ ಯಾವ ವಾಸನೆ ಹುಟ್ಟುತ್ತದೋ ಅದು ಇವತ್ತಿಗೂ ನನಗೆ ಚಿತ್ರಕಲೆಯ ವಾಸನೆ. ಒಂದು ಮೂಲೆಯಲ್ಲಿ ಆಂಜನೇಯ, ಲಕ್ಷ್ಮಿ, ಶಿವ ಮೂವರೂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಏನೋ ತಪ್ಪು ಮಾಡಿ ಶಿಕ್ಷೆಗೆ ನಿಂತ ಶಾಲೆ ಮಕ್ಕಳಂತೆ ಕಂಡು ನನಗೆ ನಗು ಬಂತು. ಅವರಿಗಿನ್ನೂ ಕಣ್ಣು ಬಿಡಿಸಿಲ್ಲ, ಕಣ್ಣಿಲ್ಲದ ದೇವರನ್ನು ಬರುವವರು ಹೋಗುವವರು ನೋಡಬಾರದು ಎಂದು ಮಾವನ ಹೆಂಡತಿ, ನಮ್ಮ ಅತ್ತೆ, ವಿವರಿಸಿದರು. ಫ್ಲೆಕ್ಸು ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಕಡಿಮೆಯಾಗಿ, ಮಾವ ಈಗ ಹೊಸ ಮನೆಗಳ ನಡುಮನೆಗೆ ದೊಡ್ಡ ದೊಡ್ಡ ತೈಲಚಿತ್ರ ಬರೆಯುವುದರಲ್ಲಿ ಸುತ್ತಲ ಮೂರು ತಾಲ್ಲೂಕಿಗೆ ಹೆಸರಾಗಿದ್ದರು.

ನಾನೋ, ಹೋದ ದಿನವೇ ಕುಂಚ ಹಿಡಿದು ಮಾವನನ್ನು ಬೆರಗುಗೊಳಿಸುವ ಹುಮ್ಮಸ್ಸಿನಲ್ಲಿದ್ದೆ. ಮಾವ ಕೊಟ್ಟದ್ದು ಸುಣ್ಣ ಬಳಿಯುವಷ್ಟು ಅಗಲದ ಬ್ರಶ್ಶು. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸಿಗೆ ಬಿಳಿ ಬಳಿ, ಒಣಗಿಸು, ಉಜ್ಜು, ಮತ್ತೆ ಬಳಿ. ಹೀಗೆ ಮೂರು ವಾರ. ಮೂರು ವಾರ ನಾನು ಏನನ್ನೂ ಬರೆಯಲಿಲ್ಲ. ಏನೂ ಇಲ್ಲದ್ದನ್ನೇ ಮತ್ತೆ ಮತ್ತೆ ಬಳಿದೆ. ಮುಖ ಊದಿಸಿಕೊಂಡು ಕೂತ ನನ್ನನ್ನು ನೋಡಿ ಮಾವ ಹೇಳಿದ್ದು ಒಂದೇ ಮಾತು.

“ಶೈಲ, ಖಾಲಿ ಜಾಗ ನೆಟ್ಟಗೆ ಬಳಿಯೋದು ಬಂತು ಅಂದ್ರೆ ಉಳಿದಿದ್ದು ಬರ್ತೈತೆ. ಅದೇ ಬರ್ಲಿಲ್ಲ ಅಂದ್ರೆ ಏನ್ ಬರ್ದ್ರೂ ಸಂತೆ ಆಗ್ತೈತೆ.”

ಇದು ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವರ ವೇದಾಂತವೆಂದು ನಾನು ಒಳಗೊಳಗೇ ಅಂದುಕೊಂಡೆ. ವಿವೇಕವು ಸೋದರಮಾವನ ರೂಪದಲ್ಲಿ ಬಂದರೆ ಅದಕ್ಕೆ ಅರ್ಧ ಬೆಲೆಯೂ ಇರುವುದಿಲ್ಲ, ನಿಮಗೂ ಅನುಭವವಿದ್ದೀತು.

ನಾಲ್ಕನೆಯ ವಾರ ಬೋರಯ್ಯ ಬಂದರು. ಹಟ್ಟಿಯಲ್ಲಿ ಹಳೆಯ ಗುಡಿಸಲು ಕೆಡವಿ ತಾರಸಿ ಮನೆ ಕಟ್ಟಿಸಿದ್ದಾರೆ. ಮನೆ ಚೆನ್ನಾಗಿದೆ, ಅವ್ವನಿಗೂ ಇಷ್ಟವಾಗಿದೆ. ಆದರೆ ಗುಡಿಸಲಿದ್ದ ಹಾಗೇ ಒಂದು ಚಿತ್ರ ನಡುಮನೆಯಲ್ಲಿ ಇರಬೇಕು, ಗೃಹಪ್ರವೇಶದ ಪೂಜೆಗೆ ಮೊದಲು ಗೋಡೆಗೆ ಏರಿರಬೇಕು ಎಂಬುದು ಅವ್ವನ ಆಸೆ. ಫೋನಿನಲ್ಲಿದ್ದ ಒಂದೇ ಒಂದು ಫೋಟೋ ತೋರಿಸಿದರು: ಹುಲ್ಲಿನ ಮಾಡು, ಮುಳ್ಳುಬೇಲಿ, ಒರಳುಕಲ್ಲು, ಬೇವಿನ ಮರ, ಮರದಡಿ ಕಣ್ಣು ಕಿರಿದು ಮಾಡಿ ನೋಡುತ್ತಿರುವ ಪಾಲಮ್ಮಜ್ಜಿ. ಮಾವನಿಗೆ ಆ ಹದಿನೈದು ದಿನ ಗುಡಿಯೊಂದರ ಗೋಡೆಯ ಕೆಲಸ. ಅವರು ಫೋನನ್ನು ನನ್ನ ಕೈಗೆ ದಾಟಿಸಿ, ಇದು ನಿನ್ನದು ಎಂದರು. ಆಮೇಲೆ ಬೋರಯ್ಯನವರ ಎದುರಿಗೇ ಷರತ್ತನ್ನೂ ಸೇರಿಸಿದರು: “ಅಜ್ಜಿ ಒಪ್ಪಿ ಪಟ ಗೋಡೆಗೆ ಹತ್ತಿತು ಅಂದ್ರೆ ಸರ್ಟಿಫಿಕೇಟಿಗೆ ಸಹಿ. ಹತ್ತಲಿಲ್ಲ ಅಂದ್ರೆ ಮುಂದಿನ ವರ್ಷ ಬಾರವ್ವ, ಬಳಿಯೋದು ಬೇಕಾದಷ್ಟೈತೆ.”

ಆ ಹನ್ನೆರಡು ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಮಾಡಿನ ಹುಲ್ಲನ್ನು ಎಳೆಯೆಳೆಯಾಗಿ ಹೊದಿಸಿದೆ, ಬೇವಿಗೆ ಎಲೆ ಹಚ್ಚಿದೆ, ಅಜ್ಜಿಯ ಸುಕ್ಕುಗಳನ್ನು ಒಂದೊಂದಾಗಿ ನೇಯ್ದೆ. ಅನ್ನಕ್ಕೆ ಕರೆದರೆ ನೀಲಿ ಕೈಯಲ್ಲಿ ಹೋಗಿ ಕೂತು ಅತ್ತೆಯಿಂದ ಬೈಸಿಕೊಂಡೆ. ಎಲ್ಲ ಮುಗಿದ ಮೇಲೆ ನೋಡಿದರೆ, ಎಡಗಡೆಯ ಕೆಳಮೂಲೆ ಬರಿದೋ ಬರಿದು. ಫೋಟೋದಲ್ಲಿ ಅಲ್ಲಿ ಏನೂ ಇರಲಿಲ್ಲ. ಬರಿದಾದ ಮೂಲೆಗೆ ಒಂದು ಚೂರು ಕೆಂಪು ಕೊಟ್ಟರೆ ಚಿತ್ರ ಎದ್ದು ಕೂರುತ್ತದೆಂದು ಕಾಲೇಜಿನ ಪಾಠ ನೆನಪಾಯಿತು. ಹಳ್ಳಿ ಅಂಗಳದಲ್ಲಿ ಕೆಂಪಾಗಿ ಸಹಜವಾಗಿ ಇರಬಹುದಾದದ್ದು ಯಾವುದು? ನನ್ನ ಕುಂಚ ನನಗಿಂತ ಮೊದಲೇ ಉತ್ತರ ಹೇಳಿತು. ಕಂದು ರೆಕ್ಕೆಯ, ಕೆಂಪು ಜುಟ್ಟಿನ, ಬಲು ಜಂಬದ ಒಂದು ಹೇಂಟೆ. ಅದರ ಹಿಂದೆ ಹಳದಿ ಉಂಡೆಗಳಂಥ ಐದು ಮರಿ. ಆಣೆಯಾಗಿ ಹೇಳುತ್ತೇನೆ, ನಾನು ಬರೆದ ಎಲ್ಲಕ್ಕಿಂತ ಚೆಂದದ ಚಿತ್ರ ಅದೇ. ಅಜ್ಜಿಯ ಮೂಗಿಗಿಂತ ಕೋಳಿಯ ಕೊಕ್ಕಿಗೆ ಹೆಚ್ಚು ಹೊತ್ತು ಕೊಟ್ಟೆ. ಹಿರಿಯೂರು ಕಡೆಯವರಾದ ಅತ್ತೆ ಸೌಟು ಹಿಡಿದೇ ಬಂದು ನೋಡಿ, ಎತ್ತಿ ಒಲೆ ಮೇಲಿಡುವ ಹಾಗಿದೆ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ವಿಮರ್ಶೆ ಇಲ್ಲ. ಸಂಜೆ ಮಾವ ಬಂದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ, ಬಹಳ ಹೊತ್ತು ಅಳೆದು, “ಕೆಂಪು ಸರಿಯಾಗಿ ಕೂತೈತೆ” ಎಂದರು. ನಾನು ಆ ಗೋದಾಮಿನಲ್ಲಿ ಎರಡು ಸುತ್ತು ಕುಣಿದೆ.

ಮೂರನೆಯ ದಿನ ಚಿತ್ರಕ್ಕೆ ಹಳೆ ದುಪ್ಪಟಿ ಸುತ್ತಿ, ಲಗೇಜ್ ಆಟೋದಲ್ಲಿ ನಿಲ್ಲಿಸಿ, ಅದರ ಎರಡು ಮಗ್ಗುಲಿಗೂ ನಾನೂ ಮಾವನೂ ಕೂತು ತಳುಕು ಊರು ದಾಟಿ ಹೊರಟೆವು. ಬಂಡೆಗುಡ್ಡಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ನಾನು ದಾರಿಯುದ್ದಕ್ಕೂ, ಹಸಿ ಬಣ್ಣಕ್ಕೆ ಬಟ್ಟೆ ತಾಗದಂತೆ ನನ್ನ ಕೋಳಿಯ ಮುಂದೆ ದುಪ್ಪಟಿಯನ್ನು ಎತ್ತಿ ಹಿಡಿದೇ ಇದ್ದೆ.

ಬೇವಿನ ಮರದ ಕೆಳಗೆ, ಎಲ್ಲರ ಎದುರು, ದುಪ್ಪಟಿ ಸರಿಯಿತು. ಮಾಡು ನೋಡಿ ಯಾರೋ ಸದ್ದು ಮಾಡಿ ನಿಟ್ಟುಸಿರಿಟ್ಟರು. ನನಗೆ ರೆಕ್ಕೆ ಬಂತು. ಪಾಲಮ್ಮಜ್ಜಿ ಮಂಚದಿಂದ ಇಳಿದು, ಕಣ್ಣು ಮಂಜಾದ್ದರಿಂದ ಮೂಗು ತಾಗುವಷ್ಟು ಬಗ್ಗಿ, ತನ್ನ ಗುಡಿಸಲನ್ನು ಮೇಲಿಂದ ಕೆಳಕ್ಕೆ ಓದುತ್ತ ಬಂದರು. ಬೇಲಿ ಮುಟ್ಟಿ ನಕ್ಕರು. ತನ್ನನ್ನೇ ಕಂಡು ತಲೆ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಎಡಗಡೆಯ ಕೆಳಮೂಲೆಗೆ ಬಂದು ನಿಂತುಬಿಟ್ಟರು.

“ಇದಿ ಎವರಿ ಕೋಡಿ?” ಎಂದು ಮನೆಮಾತು ತೆಲುಗಿನಲ್ಲಿ ಕೇಳಿ, ನನ್ನ ಪಿಳಿಪಿಳಿ ಕಣ್ಣು ನೋಡಿ ಕನ್ನಡಕ್ಕೆ ಹೊರಳಿದರು: “ಇದು ಯಾರ ಮನೆ ಕೋಳಿ ತಾಯಿ?”

ಮಾವ ತಮ್ಮ ಹಣೆಗೆ ತಾವೇ ಪಟ್ಟನೆ ಹೊಡೆದುಕೊಂಡರು. ಆ ಹಟ್ಟಿಯವರು ಕೋಳಿ ತಿನ್ನುವವರಲ್ಲ, ಸಾಕುವವರಲ್ಲ, ಹೊಸ್ತಿಲ ಒಳಗೆ ಬಿಡುವವರೂ ಅಲ್ಲ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಕುಲ, ಕೋಳಿ ಅವರಿಗೆ ತಲೆತಲಾಂತರದಿಂದ ನಿಷಿದ್ಧ. ನನಗೆ ಗೊತ್ತಿರಲಿಲ್ಲ, ಸರಿ. ಮಾವನಿಗೆ ಗೊತ್ತಿತ್ತು, ಆ ಹಟ್ಟಿಗಳಲ್ಲಿ ಹತ್ತಾರು ಸಲ ಉಂಡವರು. ಆದರೂ ಹೆಬ್ಬೆರಳು ಚಾಚಿ ನಿಂತಾಗ ಅವರಿಗೆ ಕಂಡದ್ದು ಕೆಂಪು, ಕೋಳಿಯಲ್ಲ. ಚಿತ್ರಕಾರರ ಕಣ್ಣಿನ ವೈಚಿತ್ರ್ಯ ನೋಡಿ: ಬಣ್ಣ ಕಾಣುವ ಸಂಭ್ರಮದಲ್ಲಿ ವಸ್ತುವೇ ಮಾಯವಾಗುತ್ತದೆ. ಕಣ್ಣಿಲ್ಲದೆ ಗೋಡೆಗೆ ಮುಖ ಮಾಡಬೇಕಾದವರು ಆ ಮೂರು ದೇವರಲ್ಲ, ನಾವಿಬ್ಬರು.

ಬೋರಯ್ಯ ಗಂಟಲು ಸರಿಮಾಡಿಕೊಂಡು, ಇದು ಹೊಸ್ತಿಲು ದಾಟುವ ಹಾಗಿಲ್ಲ ಎಂದು ಬಹಳ ನೋವಿನಿಂದ ಹೇಳಿದರು. ಬೆಳಗಾದರೆ ಪೂಜೆ. ನನ್ನ ಸರ್ಟಿಫಿಕೇಟು ಗುಡ್ಡದಾಚೆ ಹಾರಿಹೋದದ್ದು ನನಗೆ ಕಣ್ಣಾರೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಸೆರಗು ಎಳೆದುಕೊಂಡು ನಿಂತ ಅಜ್ಜಿಗೆ ಅವರ ಗುಡಿಸಲನ್ನು ಕೊಟ್ಟು ಕಿತ್ತುಕೊಂಡ ಹಾಗಾಗಿತ್ತು. ಆಗ ಅಜ್ಜಿಯೇ ಮೊದಲು ನಕ್ಕರು.

“ನಮ್ಮತ್ತೆ ಕಾಲ್ದಿಂದ ಒಂದು ಕೋಳೀನೂ ಇಣುಕಿರ್ಲಿಲ್ಲ. ಈಗ ಚಳ್ಳಕೆರೆಯಿಂದ ಆಟೋ ಮಾಡ್ಕೊಂಡು ಬಂದೈತೆ, ಮಕ್ಳು ಮರಿ ಸಮೇತ.”

ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೆಂಟರೊಬ್ಬರು ಮಾವನಿಗೆ, ಟಿಕೆಟ್ ಅರ್ಧವೋ ಪೂರ್ತಿಯೋ ಎಂದು ಕೇಳಿದರು. ಆ ನಗುವಿನ ಮರೆಯಲ್ಲಿ ಮಾವ ಕೋಳಿಯ ಬಾಲವನ್ನು ಬೆರಳಿನಿಂದ ಒತ್ತಿ ನೋಡಿದರು: ಕೊನೆಗೆ ಬರೆದದ್ದು, ದಪ್ಪಗೆ ಬಳಿದದ್ದು, ಇನ್ನೂ ಹಸಿ. ಒರೆಸಬಹುದು! ಆದರೆ ಟರ್ಪೆಂಟೈನ್ ಗೋದಾಮಿನಲ್ಲೇ ಉಳಿದಿತ್ತು. ಅಜ್ಜಿ ಒಳಗಿನಿಂದ ಒಂದು ಬಟ್ಟಲು ಶೇಂಗಾ ಎಣ್ಣೆ ತರಿಸಿದರು. ಜೊತೆಗೆ ತಂದಿದ್ದ ಬಣ್ಣದ ಪೆಟ್ಟಿಗೆಯಲ್ಲಿ ಅತ್ತೆಯ ಸೀರೆಯ ಚಿಂದಿ ಇತ್ತು. ಅದನ್ನು ಎಣ್ಣೆಗೆ ಅದ್ದಿ, ಬೇವಿನ ನೆರಳಲ್ಲಿ ಮಂಡಿಯೂರಿ, ನನ್ನ ಜೀವಮಾನದ ಶ್ರೇಷ್ಠ ಕಲಾಕೃತಿಯನ್ನು ನಾನೇ ಪುಕ್ಕ ಪುಕ್ಕವಾಗಿ ಕಿತ್ತೆ. ಮೊದಲು ಜುಟ್ಟು, ಆಮೇಲೆ ರೆಕ್ಕೆ, ಆಮೇಲೆ ಮರಿಗಳು.

ಈಗ ಆ ಜಾಗಕ್ಕೆ ಏನು ಬರೆಯಲಿ ಎಂದು ಕೇಳಿದೆ. ಕರುವೇ, ನಾಯಿಯೇ, ನೀರಿನ ಕೊಡವೇ? ಅಜ್ಜಿ ಬೇಡವೆಂದು ತಲೆಯಾಡಿಸಿದರು.

“ಅಲ್ಲಿ ಏನೂ ಇರ್ಲಿಲ್ಲವ್ವ. ಹಬ್ಬದಾಗೆ ದೇವರೆತ್ತು ಬಂದು ನಿಲ್ಲೋ ಜಾಗ ಅದು. ವರ್ಷೆಲ್ಲ ಸಾರಿಸಿ ಖಾಲಿ ಬಿಡ್ತಿದ್ವಿ. ನಾನು ಮಲಗೋ ಹೊರ್ಸು ಕೂಡ ಹಾಕ್ತಿರ್ಲಿಲ್ಲ.”

ನಾನು ಬರಿದು ಎಂದುಕೊಂಡ ಮೂಲೆ ಇಡೀ ಅಂಗಳದಲ್ಲಿ ಎಲ್ಲಕ್ಕಿಂತ ತುಂಬಿದ್ದ ಜಾಗವಾಗಿತ್ತು. ವರ್ಷಕ್ಕೊಮ್ಮೆ ಬರುವವನಿಗಾಗಿ ವರ್ಷವಿಡೀ ತೆರವಾಗಿ ಇಟ್ಟ ಜಾಗ! ನಾವು ಓದಿದವರು, ಒಂದು ಅಂಗುಲ ಬಯಲು ಕಂಡರೂ ಕೈ ತುರಿಸಿ ಏನನ್ನಾದರೂ ತಂದು ಕೂರಿಸುತ್ತೇವೆ; ಮಾತಿನ ನಡುವೆ ಮೌನ ಬಂದರೆ ಹವಾಮಾನ ತರುತ್ತೇವೆ, ಗೋಡೆ ಬಿಳಿಯಾಗಿದ್ದರೆ ಗಡಿಯಾರ ತರುತ್ತೇವೆ, ಅಂಗಳ ಖಾಲಿ ಇದ್ದರೆ ಕೋಳಿ ತರುತ್ತೇವೆ. ಖಾಲಿ ಬಿಡುವುದೂ ಒಂದು ಸತ್ಕಾರವೆಂದು ಹೇಳಿಕೊಡಲು ಕಾಲೇಜಿಗಾಗಲಿಲ್ಲ. ಮೂರು ವಾರ ಬಿಳಿ ಬಳಿಸಿದ ಮಾವ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಎಣ್ಣೆಯನ್ನು ಚಿಂದಿಯ ಒಣ ತುದಿಯಿಂದ ತೆಗೆದಷ್ಟು ತೆಗೆದು, ಸಾರಿಸಿದ ನೆಲವನ್ನು ಬರೆಯತೊಡಗಿದೆ. ಕೋಳಿ ಬರೆಯಲು ಎರಡು ತಾಸು ಹಿಡಿದಿತ್ತು. ಏನೂ ಇಲ್ಲದ ಮೂರು ಗೇಣು ನೆಲಕ್ಕೆ ಮಧ್ಯಾಹ್ನದಿಂದ ಸಂಜೆಯಾಯಿತು. ಮಾವ ಪಕ್ಕದಲ್ಲೇ ಕೂತು ಒಂದು ಸಲವೂ ಕುಂಚ ಕೇಳಲಿಲ್ಲ. ಹೊತ್ತು ಇಳಿಯುವ ಮುನ್ನ ಅಜ್ಜಿ ಮತ್ತೆ ಮೂಗು ತಾಗಿಸಿ ನೋಡಿ, “ಹ್ಞೂ, ಈಗ ಎತ್ತು ಬರಬಹುದು” ಎಂದರು. ಚಿತ್ರ ಹೊಸ್ತಿಲು ದಾಟಿತು, ಗೋಡೆ ಹತ್ತಿತು. ಚಳ್ಳಕೆರೆಗೆ ಬಂದ ಮಾರನೆಯ ದಿನ ಮಾವ ನನ್ನ ಸರ್ಟಿಫಿಕೇಟಿಗೆ, ಲಾರಿಯ ಹಣೆಗೆ ಬರೆಯುವ ಗತ್ತಿನಲ್ಲಿ, ನೆರಳು ಹೊಡೆದ ಅಕ್ಷರಗಳಲ್ಲಿ ಅರ್ಧ ಹಾಳೆ ತುಂಬುವಂತೆ ಸಹಿ ಹಾಕಿಕೊಟ್ಟರು. ಕಾಲೇಜಿನವರು ಅದನ್ನು ಇವತ್ತಿಗೂ ಬಂದವರಿಗೆ ತೋರಿಸುತ್ತಾರಂತೆ.

ಕೆಲವು ತಿಂಗಳಾದ ಮೇಲೆ ಬೋರಯ್ಯ ಫೋನ್ ಮಾಡಿದರು. ಅವ್ವನ ಕಣ್ಣಿನ ಪರೆ ತೆಗೆಸಿದ್ದರು. ಪಟ್ಟಿ ಬಿಚ್ಚಿ ಮನೆಗೆ ಬಂದವರೇ ಅಜ್ಜಿ ಮೊದಲು ಚಿತ್ರದ ಎದುರು ನಿಂತರಂತೆ. ಒರಳುಕಲ್ಲಿನ ಹಿಂದೆ ಒಂದು ಮರಿ ಹಾಗೇ ಉಳಿದುಬಿಟ್ಟಿದೆಯಂತೆ. ಕುಂಚ, ಬಣ್ಣ, ಚಿಂದಿ ಕಟ್ಟಿಕೊಂಡು ಭಾನುವಾರದ ಮೊದಲ ಬಸ್ಸು ಹಿಡಿದೆ. ನಾನು ಒರೆಸಿ ಬರೆದ ಮೂಲೆ ಶೇಂಗಾ ಎಣ್ಣೆಯ ದೆಸೆಯಿಂದ ಬಹಳ ದಿನ ಒಣಗದೆ ಅಂಟಂಟಾಗಿತ್ತಂತೆ. ಗುಡಿಸುವಾಗ ಎದ್ದ ಹಟ್ಟಿಯ ಕೆಂಪು ಧೂಳು ಅಲ್ಲಿ ಕೂತು ನನ್ನ ನೆಲ ನಿಜವಾದ ನೆಲವೇ ಆಗಿತ್ತು. ಮರಿ ಒರಳಿನ ಮರೆಯಿಂದ ಇಣುಕುತ್ತಿತ್ತು. ಒರೆಸಲೆಂದು ಚಿಂದಿ ತೆಗೆದೆ. ಅಜ್ಜಿ ಕೈ ಹಿಡಿದರು.

“ಅದು ಗುಬ್ಬಿ. ನಾನು ಎಲ್ಲರ್ಗೂ ಹಂಗೇ ಹೇಳೀನಿ. ಬಾಲ ಒಂದೀಟು ಉದ್ದ ಮಾಡು, ಸಾಕು.”

ನಾನು ಕಂದು ಬಣ್ಣದಲ್ಲಿ ಒಂದು ಗೀರು ಎಳೆದೆ, ರೆಕ್ಕೆಯ ಮೇಲೆ ಇನ್ನೊಂದು. ಅಜ್ಜಿ ಹೊಸ ಕಣ್ಣಿನಿಂದ ನೋಡಿ, ರಾಗಿಮುದ್ದೆ ಆರುತ್ತದೆ ಬಾ ಎಂದು ಒಳಗೆ ಕರೆದರು. ಉಂಡು, ಕುಂಚವನ್ನು ಈ ಚಿಂದಿಗೆ ಒರೆಸಿ, ಸಂಜೆಯ ಬಸ್ಸಿಗೆ ಹೊರಟೆ. ಈಗ ಇದರೊಳಗೆ ಒಂದು ಹೇಂಟೆ, ನಾಲ್ಕು ಮರಿ, ಒಂದು ಗುಬ್ಬಿಯ ಬಾಲದ ತುದಿ ಇವೆ.