ಆರು ಜನ ನಂಬಿದ್ದ ಕಮಾಂಡು

ಆಫೀಸು ಕೊಟ್ಟ ಹೊಸ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡು ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ, ‘ಮನೆಗೆ’ ಅಂತ ಟೈಪ್ ಮಾಡಿದೆ. ಅಂಥ ಕಮಾಂಡೇ ಇಲ್ಲ ಎಂದಿತು.

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಆರೂ ಜನ ಸಂಜೆ ಹೊರಡುವ ಮುಂಚೆ ಟೈಪ್ ಮಾಡುವುದು ಅದನ್ನೇ. ದಿನದ ಕೆಲಸವನ್ನೆಲ್ಲ ಸರ್ವರ್‌ಗೆ ಕಳಿಸುವ ಉದ್ದನೆಯ ಕಮಾಂಡಿಗೆ ಅದು ಅಲಿಯಾಸ್, ಅಂದರೆ ಅಡ್ಡಹೆಸರು. ‘ಬ್ಯಾಕಪ್ ಆಯ್ತು, ಹೊರಡಿ’ ಎಂದು ಪರದೆಯ ಮೇಲೆ ಬಂದರೆ ಬ್ಯಾಗು ಹೆಗಲಿಗೆ. ಆ ಉದ್ದನೆಯ ಕಮಾಂಡು ಏನೆಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಹಳೇ ಲ್ಯಾಪ್‌ಟಾಪ್ ತೆಗೆದು ನೋಡಿದೆ. ‘ಮನೆಗೆ’ಯ ಹಿಂದೆ ‘ಬ್ಯಾಕಪ್ ಆಯ್ತು, ಹೊರಡಿ’ ಎಂದು ತೋರಿಸು ಅನ್ನುವ ಒಂದೇ ಸಾಲಿತ್ತು. ಮೂರು ವರ್ಷದಿಂದ ಒಂದು ಫೈಲೂ ಎಲ್ಲಿಗೂ ಹೋಗಿರಲಿಲ್ಲ.

ಅದನ್ನು ಬರೆದ ಇಮ್ರಾನ್ ಕೆಲಸ ಬಿಟ್ಟು ಈಗ ಶಿವಾಜಿನಗರದಲ್ಲಿ ಅಪ್ಪನ ಸೂಟ್‌ಕೇಸ್ ಅಂಗಡಿ ನೋಡಿಕೊಳ್ಳುತ್ತಾನೆ. ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ.

“ಅದು ಸ್ಯಾಂಪಲ್ ಮೇಡಂ. ಅಸಲಿ ಕಮಾಂಡು ಆಮೇಲೆ ಸೇರಿಸೋಣ ಅಂತಿದ್ದೆ, ಅಷ್ಟರಲ್ಲಿ ನೀವೆಲ್ಲ ಕಾಪಿ ಮಾಡ್ಕೊಂಡ್ಬಿಟ್ರಿ,” ಅಂದ.

“ಹೇಳ್ಬಹುದಿತ್ತಲ್ಲಪ್ಪ?”

“ದಿನಾ ಅಷ್ಟು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ರಿ. ಹೇಳೋಕೆ ಮನಸ್ಸಾಗ್ಲಿಲ್ಲ.”

ಈಗ ಅಸಲಿ ಕಮಾಂಡನ್ನೇ ಬರೆದಿಟ್ಟುಕೊಂಡಿದ್ದೇವೆ. ಅದು ತನ್ನ ಕೆಲಸ ಮುಗಿಸಿ, ಒಂದು ಮಾತೂ ಆಡದೆ ಸುಮ್ಮನಾಗುತ್ತದೆ. ಹಾಗಾಗಿ ಹಳೇ ‘ಮನೆಗೆ’ಯನ್ನೂ ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದಾದ ಮೇಲೆ ಒಮ್ಮೆ ಟೈಪ್ ಮಾಡುತ್ತೇನೆ. ಹೊರಡಿ ಅಂತ ಯಾರಾದರೂ ಹೇಳದೆ ಕುರ್ಚಿಯಿಂದ ಏಳಲು ನನಗೆ ಆಗುವುದಿಲ್ಲ.