ಐವತ್ತನೇ ಹೆಬ್ಬಟ್ಟು

ನಿಜಾಮರ ಕಾಲದಾಗ ನಮ್ಮ ಸಣ್ಣ ಪಕ್ಷ ಚುನಾವಣೆಗೆ ನಿಲ್ಲಬೇಕಂದ್ರ ಐವತ್ತು ಮಂದಿ ಸಹಿ ಬೇಕಾಗಿತ್ತು. ಕಮಲಾಪುರದಾಗ ಎರಡು ತಿಂಗಳು ಕೂತು, ಅಕ್ಷರ ಬಾರದ ಐವತ್ತು ರೈತರಿಗೆ ಕನ್ನಡದಾಗ ಹೆಸರು ಬರಿಯೋದು ಕಲಿಸಿದೆ. ಅವರೊಳಗ ಶರಣಪ್ಪ ಕಾಕಾ ಅಂತೂ ಮನಿ ಬಾಗಿಲಿಗೂ ಬಂಡಿಗೂ ಸುಣ್ಣದಾಗ ತಮ್ಮ ಹೆಸರೇ ಬರದ್ರು.

ಸಹಿ ತಗೊಂಡು ಕಲಬುರಗಿ ಕಚೇರಿಗೆ ಹೋದೆ. ಕಾರಕೂನರು ಕಾಗದ ತಿರುಗಾಮುರುಗಾ ಹಿಡಿದು ನೋಡಿದ್ರು.

"ಇವೇನ್ರೀ, ಗೊಂಬಿ ಬರಸೀರಿ? ದಸ್ಕತ್ತು ಉರ್ದುದಾಗ ಇರಬೇಕು."

"ಉರ್ದು ಬರಲಾರದವರು ಏನು ಮಾಡಬೇಕ್ರೀ?"

"ಹೆಬ್ಬಟ್ಟು ಒತ್ತಬೇಕು. ಹೆಬ್ಬಟ್ಟು ಯಾವ ಭಾಷಾದಾಗಿದ್ರೂ ನಡೀತದ."

ಮಸಿ ಹಿಡಕೊಂಡು ಮತ್ತ ಕಮಲಾಪುರಕ್ಕ ಹೋದೆ. ನಲವತ್ತೊಂಬತ್ತು ಮಂದಿ ಗೊಣಗಿಕೋತ ಒತ್ತಿದ್ರು. ಶರಣಪ್ಪ ಕಾಕಾ ಮಾತ್ರ ಎರಡೂ ಕೈ ಹಿಂದಕ್ಕ ಕಟ್ಟಿಕೊಂಡು ನಿಂತ್ರು.

"ನಾ ಈಗ ಕಲ್ತಾಂವ ಆಗೀನಿ. ಒತ್ತಂಗಿಲ್ಲ."

"ಒಂದು ಕಡಿಮಿ ಬಿದ್ರ ಅರ್ಜಿನೇ ಬಿದ್ದು ಹೋಗ್ತದ, ಕಾಕಾ."

"ಹೋಗ್ಲಿ. ಕಲಿಸಿದಾಂವ ಯಾರಪಾ?"

ಕಲಿಸಿದಾಂವ ನಾನೇ. ನನಗೂ ಉರ್ದು ಬರ್ತಿರಲಿಲ್ಲ. ಹಂಗಾಗಿ ಐವತ್ತನೇದು ನಾನೇ ಒತ್ತಿದೆ.

ಅರ್ಜಿ ಮಂಜೂರಾಯ್ತು. ಸರ್ಕಾರದ ದಫ್ತರದಾಗ ನಮ್ಮ ಪಕ್ಷದ ಹೆಸರಿನ ಕೆಳಗ ಐವತ್ತು ಮಂದಿ ಅನಕ್ಷರಸ್ಥರು ಅದಾರ. ಕಟ್ಟಕಡೀದಾಂವ ಅವರ ಮಾಸ್ತರ.