ನರ್ಸಮ್ಮನ ಎರಡು ವಾಚು

ಮಗಳು ಮೊನ್ನೆ ಪರಿಚಯದ ಅಂಗಡಿಯಿಂದ ಎರಡು ವಾಚು ತಂದು ಮೇಜಿನ ಮೇಲಿಟ್ಟಳು. ಮುಂದಿನ ತಿಂಗಳು ನನ್ನ ನಿವೃತ್ತಿ. ಒಂದನ್ನು ಆರಿಸಿಕೊಂಡರೆ ಇನ್ನೊಂದನ್ನು ವಾಪಸ್ ಕೊಡುತ್ತಾಳಂತೆ. ಸೊರಬದಿಂದ ಶಿಕಾರಿಪುರದ ಆಫೀಸಿಗೆ ಬಸ್ಸಲ್ಲಿ ಓಡಾಡಿ ಓಡಾಡಿ ಸವೆದುಹೋದ ನನಗೆ ಇನ್ನು ಟೈಮ್ ಕಟ್ಟಿಕೊಂಡು ಏನಾಗಬೇಕು? ಆದರೂ ನೋಡಿದೆ.

ಒಂದು ದುಬಾರಿಯದು. ತೆಳ್ಳಗೆ, ಬಂಗಾರದ ಬಣ್ಣ, ಅಂಕಿಗಳೇ ಇಲ್ಲ, ಇರುವುದು ಎರಡೇ ಮುಳ್ಳು. ಇನ್ನೊಂದು ಅಗ್ಗದ್ದು, ಹಳೇ ಕಾಲದ ವಾಚಿನ ಹಾಗೆ ಈಗ ಮಾಡಿದ್ದು. ದಪ್ಪ ಅಂಕಿ, ಕೆಂಪು ಸೆಕೆಂಡ್ ಮುಳ್ಳು. ಅದು ಓಡುವುದನ್ನು ನೋಡುತ್ತಿದ್ದ ಹಾಗೆ ನಮ್ಮ ಬೀದಿಯ ನರ್ಸಮ್ಮ ನೆನಪಾದರು…

ಅಮ್ಮನಿಗೆ ಹೃದಯದ ತೊಂದರೆ ಶುರುವಾದ ಮೇಲೆ ಅವರು ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ನಮ್ಮನೆಗೆ ಬರುತ್ತಿದ್ದರು. ಅಮ್ಮನ ಕೈ ಹಿಡಿದು, ತಮ್ಮ ಹಳೇ ವಾಚು ನೋಡುತ್ತಾ, ಅರ್ಧ ನಿಮಿಷ ನಾಡಿ ಎಣಿಸಿ ಬರೆದಿಡುವರು. ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ. ಅಮ್ಮ ಸ್ವಲ್ಪ ಚೇತರಿಸಿಕೊಂಡಾಗ ನಾನು ಶಿವಮೊಗ್ಗಕ್ಕೆ ಹೋಗಿ ಅವರಿಗೊಂದು ಬಂಗಾರದ ಬಣ್ಣದ ವಾಚು ತಂದೆ. ಈಗ ಮಗಳು ತಂದಿದ್ದಾಳಲ್ಲ, ಹೆಚ್ಚುಕಡಿಮೆ ಅಂಥದ್ದೇ.

"ಮದ್ವೆ ಮನೆಗೆ ಕಟ್ಕಂಡು ಹೋಗಕ್ಕೆ ಚೆನ್ನಾಗಿದೆ ಕಣ್ರೀ. ಡ್ಯೂಟಿಗೆ ನಂದೇ ಸಾಕು," ಅಂದರು.

"ಆ ಡಬ್ಬಾನ ಇನ್ನೆಷ್ಟು ವರ್ಷ ಕಟ್ತೀರ?" ಅಂದೆ ನಾನು.

ಮರುದಿನ ಹಳೆಯದನ್ನೇ ಕಟ್ಟಿಕೊಂಡು ಬಂದರು. ನಾನು ಮುಖ ಊದಿಸಿಕೊಂಡೆ. ಆಮೇಲೆ ಒಂದು ದಿನವೂ ಹೊಸದನ್ನು ಬಿಡಲಿಲ್ಲ. ಅದರ ಜೊತೆಗೆ ಒಂದು ಹೊಸ ಅಭ್ಯಾಸ ಬಂತು. ಅಮ್ಮನ ಕೈ ಹಿಡಿದ ಕೂಡಲೇ, "ಒಂಚೂರು ನೀರು ಕೊಡ್ರೀ," ಎನ್ನುವರು. ಎರಡು ಮನೆ ದಾಟಿ ಬರುವಷ್ಟರಲ್ಲಿ ಇಷ್ಟು ಬಾಯಾರಿಕೆಯಾ ಎಂದು ನಾನು ತಮಾಷೆ ಮಾಡಿದರೆ ಅಮ್ಮ ಸುಮ್ಮನೆ ನಗುತ್ತಿದ್ದಳು. ಅಮ್ಮನಿಗೆ ಗೊತ್ತಿತ್ತು ಅಂತ ಕಾಣುತ್ತದೆ…

ಆ ದಿನ ಅಮ್ಮನಿಗೆ ಉಸಿರು ಕಷ್ಟವಾಗಿತ್ತು. ನರ್ಸಮ್ಮ ಓಡಿಬಂದರು, ಕೈ ಹಿಡಿದರು, ಅವತ್ತೂ ನೀರು ಕೇಳಿದರು. ಇಂಥ ಹೊತ್ತಲ್ಲೂ ಇವರಿಗೆ ನೀರೇ ಎಂದು ಗೊಣಗುತ್ತಾ ಒಳಗೆ ಹೋದೆ. ಚೊಂಬು ಹಿಡಿದು ಬಂದಾಗ ಅವರ ಎಡಗೈ ಮಣಿಕಟ್ಟಿನಲ್ಲಿ ನಾನು ಕೊಟ್ಟ ವಾಚಿತ್ತು. ಅದೇ ಕೈಯ ಅಂಗೈಯಲ್ಲಿ ಹಳೆಯದು, ಅದರ ಕೆಂಪು ಮುಳ್ಳು ಓಡುತ್ತಲೇ ಇತ್ತು. ನನ್ನನ್ನು ಕಂಡು ಮುಷ್ಟಿ ಮುಚ್ಚಿದರು.

"ಹೋಗ್ಬಿಟ್ರು ಕಣ್ರೀ."

ಸೆಕೆಂಡ್ ಮುಳ್ಳಿಲ್ಲದ ವಾಚಿನಲ್ಲಿ ನಾಡಿ ಎಣಿಸುವುದು ಹೇಗೆ? ನನ್ನ ಮನಸ್ಸು ನೋಯಬಾರದೆಂದು ದಿನಾ ನನ್ನನ್ನು ನೀರಿಗೆ ಕಳಿಸಿ, ಬ್ಯಾಗಿನಿಂದ ಹಳೇ ವಾಚು ತೆಗೆಯುತ್ತಿದ್ದರು. ನನ್ನ ದೊಡ್ಡಸ್ತಿಕೆಯಿಂದ ಅಮ್ಮನ ಕೊನೇ ಉಸಿರಿನ ಹೊತ್ತಿಗೆ ನಾನು ಹತ್ತಿರ ಇಲ್ಲದೆ ಹೋದೆ. ಸಿಟ್ಟು ಮಾತ್ರ ಅವರ ಮೇಲೆ ಮಾಡಿಕೊಂಡೆ, ಎಷ್ಟೋ ದಿನ ಮಾತಾಡಿಸಲಿಲ್ಲ. ಅವರೋ, ಆಮೇಲೂ ನಮ್ಮನೆಗೆ ಬಂದಾಗಲೆಲ್ಲ ನಾನು ಕೊಟ್ಟಿದ್ದನ್ನೇ ಕಟ್ಟಿಕೊಂಡು ಬಂದರು. ಬೇಡ, ನಿಮ್ಮದನ್ನೇ ಕಟ್ಟಿಕೊಳ್ಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋದ ವರ್ಷ ಅವರೂ ತೀರಿಕೊಂಡರು.

"ಅಗ್ಗದ್ದೇ ಸಾಕಾ ಅಪ್ಪಾ?" ಎಂದಳು ಮಗಳು. ಸಾಕು ಎಂದೆ.

ಅವಳು ಹೋದ ಮೇಲೆ ಅದನ್ನು ಕಟ್ಟಿಕೊಂಡು, ಅಮ್ಮನ ಮಂಚವಿದ್ದ ಜಾಗದಿಂದ ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ತಂದೆ. ಕೆಂಪು ಮುಳ್ಳು ಒಂದು ಸುತ್ತನ್ನೂ ಮುಗಿಸಿರಲಿಲ್ಲ. ಅಷ್ಟರಲ್ಲೇ ಅಮ್ಮ ಹೋಗಿದ್ದಳು.